ಪೇಟ ಸಾಕು ಸಾರ್, ಏಪ್ರಿಲ್ ತಿಂಗಳು ಕೊಡಿ

ಮಾನ್ಯ ಶಾಸಕರೇ,

ನಮಸ್ಕಾರ. ಹೋದ ತಿಂಗಳು ನಮ್ಮ ಬಡಾವಣೆಯ ಫುಟ್‌ಬಾಲ್ ಟೂರ್ನಿ ಉದ್ಘಾಟನೆಗೆ ಬಂದಿದ್ದಿರಿ. ನನ್ನ ತಲೆಗೆ ಮೈಸೂರು ಪೇಟ ಇಟ್ಟು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟಿರಿ. ನಿಮಗೆ ನೆನಪಿರಲಿಕ್ಕಿಲ್ಲ, ದಿನಕ್ಕೆ ಹತ್ತು ತಲೆಗೆ ಪೇಟ ಇಡುವವರು ನೀವು. ನಿರೂಪಕರು ನನ್ನನ್ನು ‘ಅಂತರರಾಷ್ಟ್ರೀಯ ಖ್ಯಾತಿಯ ಆಟಗಾರ’ ಅಂದರು. ‘ಇಂಡಿಯಾಗೆ ಎಷ್ಟು ಮ್ಯಾಚ್ ಆಡಿದ್ದೀರಿ?’ ಅಂತ ನೀವು ನನ್ನ ಕಿವಿಯಲ್ಲಿ ಕೇಳಿದಿರಿ. ಬ್ಯಾಂಡ್‌ಸೆಟ್ ಗಲಾಟೆಯಲ್ಲಿ ನನ್ನ ಉತ್ತರ ನಿಮಗೆ ಕೇಳಿಸಲಿಲ್ಲ. ಒಂದೂ ಇಲ್ಲ ಸಾರ್. ಭಾರತ ತಂಡದ ಜರ್ಸಿ ನಾನು ಹಾಕಿದ್ದೇ ಇಲ್ಲ.

ಅದನ್ನು ತಿದ್ದೋಣ ಅಂತಲೇ ಈ ಪತ್ರ ಶುರುಮಾಡಿದೆ. ಬರೆಯುತ್ತಾ ಮಾತು ನಾನು ಈಗ ಆಟ ಕಲಿಸುವ ಮಕ್ಕಳ ಕಡೆ, ಅವರಿಗೆ ಏಪ್ರಿಲ್ ತಿಂಗಳಲ್ಲಿ ಕೋಚ್ ಇಲ್ಲದಿರುವ ಕಡೆ ಹೋಯಿತು.

ಇನ್ನೊಂದು ತಿದ್ದುಪಡಿಯನ್ನೂ ಈಗಲೇ ಹೇಳಿಬಿಡುತ್ತೇನೆ. ‘ನಮ್ಮ ಮೈಸೂರು ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದ ಊರು’ ಅಂದಿರಿ, ಚಪ್ಪಾಳೆಯೂ ಬಿತ್ತು. ರಾಜ್ಯ ತಂಡಗಳು ಆಡುವ ರಾಷ್ಟ್ರೀಯ ಫುಟ್‌ಬಾಲ್ ಟೂರ್ನಿ ಅದು, ಗೆದ್ದಿದ್ದೂ ನಿಜ. 1946–47, 1952–53, 1967–68, ಮತ್ತೆ 1968–69. ಆದರೆ ಆ ‘ಮೈಸೂರು’ ನಮ್ಮ ಊರಲ್ಲ, ರಾಜ್ಯ. 1973ರಲ್ಲಿ ಕರ್ನಾಟಕ ಅಂತ ಹೆಸರಾಗುವವರೆಗೆ ಇಡೀ ರಾಜ್ಯದ ತಂಡ ಮೈಸೂರು ಅಂತಲೇ ಆಡುತ್ತಿತ್ತು. ಆಮೇಲೆ ಆ ಕಪ್ ನಮಗೆ ಮತ್ತೆ ಸಿಕ್ಕಿದ್ದು 2023ರ ಮಾರ್ಚ್‌ನಲ್ಲಿ. ಅದೂ ಸೌದಿಯ ರಿಯಾದ್‌ನಲ್ಲಿ, ಮೇಘಾಲಯವನ್ನು 3–2ರಲ್ಲಿ ಸೋಲಿಸಿ. ನಡುವೆ 54 ವರ್ಷ. ಆ ರಾತ್ರಿ ನಾನು ಮೊಬೈಲ್‌ನಲ್ಲಿ ಮ್ಯಾಚ್ ನೋಡುತ್ತಾ ಒಬ್ಬನೇ ಕೂಗಾಡಿದ್ದಕ್ಕೆ ಪಕ್ಕದ ಮನೆಯ ಅಜ್ಜಿ ಬಂದು ಬಾಗಿಲು ತಟ್ಟಿದ್ದರು.

ಈಗ ನನ್ನ ವಿಷಯ. ನಾನು ಸ್ಟಾಪರ್, ಅಂದರೆ ಡಿಫೆನ್ಸ್ ಮಧ್ಯದಲ್ಲಿ ನಿಂತು ತಲೆ, ಮಂಡಿ ಎಲ್ಲ ಕೊಡುವವನು. ಹುಟ್ಟಿದ್ದು ಎನ್.ಆರ್. ಮೊಹಲ್ಲಾದಲ್ಲಿ. ಅಪ್ಪ ಟೈಲರ್. 2004ರಲ್ಲಿ, 18 ತುಂಬಿದಾಗ, ಒಂದು ಬ್ಯಾಗು, ಒಂದು ಜೊತೆ ಸ್ಟಡ್ಸ್ (ಫುಟ್‌ಬಾಲ್ ಬೂಟು) ಹಿಡಿದು ಬೆಂಗಳೂರಿನ ಪ್ಯಾಸೆಂಜರ್ ರೈಲು ಹತ್ತಿದೆ. ಆಸ್ಟಿನ್ ಟೌನ್‌ನಲ್ಲಿ ಒಂದು ರೂಮಿಗೆ ಐದು ಜನ. ಆಗ ನಮ್ಮೆಲ್ಲರ ಕನಸೂ ಒಂದೇ. ಐಟಿಐ, ಎಚ್‌ಎಎಲ್, ಬಿಇಎಂಎಲ್ ಥರದ ಕಾರ್ಖಾನೆ ತಂಡಕ್ಕೆ ಸೇರಬೇಕು, ಕೆಲಸ ಪರ್ಮನೆಂಟ್ ಆಗಬೇಕು. ಬೆಂಗಳೂರಿನ ಫುಟ್‌ಬಾಲ್ ಎಷ್ಟೋ ದಶಕ ನಡೆದಿದ್ದೇ ಹಾಗೆ. ಬೆಳಿಗ್ಗೆ ಪ್ರಾಕ್ಟೀಸ್, ಆಮೇಲೆ ಡ್ಯೂಟಿ, ಕೊನೆಗೆ ಪಿಂಚಣಿ. ನಾವು ಹೋಗುವ ಹೊತ್ತಿಗೆ ಆ ಬಾಗಿಲು ಮುಚ್ಚುತ್ತಾ ಬಂದಿತ್ತು. ನನಗೆ ಸಿಕ್ಕಿದ್ದು ಒಂದು ತಂಡದಲ್ಲಿ ತಿಂಗಳಿಗೆ 3,500 ರೂಪಾಯಿ ಸ್ಟೈಪೆಂಡ್ ಮತ್ತು ‘ಮುಂದಿನ ವರ್ಷ ನೋಡೋಣ’ ಅನ್ನುವ ಮಾತು. ಆ ಮುಂದಿನ ವರ್ಷ ಬರಲೇ ಇಲ್ಲ.

ಆಮೇಲೆ 15 ವರ್ಷದಲ್ಲಿ 9 ತಂಡ. ಕಂಪನಿ ನಾಟಕದವರು ಕ್ಯಾಂಪ್ ಬದಲಿಸುತ್ತಾರಲ್ಲ, ಹಾಗೆ. ಗೋವಾದಲ್ಲಿ ಎರಡು ಸೀಸನ್. ಅಲ್ಲಿ ಚರ್ಚಿನ ಪಕ್ಕದ ಮೈದಾನದಲ್ಲಿ ಭಾನುವಾರ ಪೂಜೆ ಮುಗಿಸಿಕೊಂಡು ಊರಿಗೆ ಊರೇ ಬಂದು ನಿಲ್ಲುತ್ತಿತ್ತು. ಕೋಲ್ಕತ್ತದಲ್ಲಿ ಒಂದು ಸೀಸನ್. ಅಲ್ಲಿನ ಮೈದಾನದ ಕ್ಲಬ್‌ಗಳಿಗೆ ಆಫೀಸ್ ಅಂದರೆ ‘ಟೆಂಟ್’. ಅಲ್ಲಿನ ಲೀಗ್ 1898ರಿಂದ ನಡೆದು ಬಂದದ್ದು, ಮಳೆಗಾಲದಲ್ಲೇ ಶುರು. ಮೊಣಕಾಲುದ್ದ ಕೆಸರಲ್ಲಿ ಸ್ಟಾಪರ್‌ಗೆ ಹಬ್ಬ. ಓಡುವವನಿಗಿಂತ ನಿಲ್ಲುವವನಿಗೆ ಅಲ್ಲಿ ಬೆಲೆ ಜಾಸ್ತಿ! ಊಟದಲ್ಲಿ ಮಾತ್ರ ಸೋತೆ. ಮೂರು ಹೊತ್ತೂ ಅನ್ನ, ಮೀನು ತಿಂದು ಮುದ್ದೆ ಕನಸಲ್ಲಿ ಬರುತ್ತಿತ್ತು.

2014ರಲ್ಲಿ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಬಂತು. 8 ತಂಡ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಆಟ, ಟಿವಿ ತುಂಬಾ ಬೆಳಕು. ತಂಡಗಳು ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್ ಪಟ್ಟಿಯಲ್ಲಿ ನನ್ನ ಹೆಸರೇ ಇರಲಿಲ್ಲ. 28 ವರ್ಷದ, ಎರಡನೇ ದರ್ಜೆಯ ಲೀಗ್ ಆಡಿದ ಸ್ಟಾಪರ್ ಯಾರಿಗೆ ಬೇಕು? ಬೇಜಾರೇನೂ ಇಲ್ಲ. ಅದರ ಹಿಂದಿನ ವರ್ಷವಷ್ಟೇ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಸೀಸನ್‌ನಲ್ಲೇ ಆಗ ದೇಶದ ಮೊದಲ ದರ್ಜೆಯ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತ್ತು. ನಮ್ಮ ಹುಡುಗರಿಗೆ ದಾರಿ ತೆರೆಯಿತು ಅನ್ನೋ ಖುಷಿಯೇ ಇತ್ತು. ದಾರಿ ತೆರೆಯಿತು, ನಿಜ. ಆದರೆ 2025ರ ಜುಲೈನಲ್ಲಿ ಅದೇ ಐಎಸ್‌ಎಲ್‌ನ ಮುಂದಿನ ಸೀಸನ್ ತಡೆಹಿಡಿದಿದ್ದೇವೆ ಅಂತ ಪ್ರಕಟಣೆ ಬಂದಾಗ ನನ್ನ ಶಿಷ್ಯನೊಬ್ಬ ಫೋನ್ ಮಾಡಿ, ‘ಸಾರ್, ನಮ್ಮಪ್ಪ ಡಿಪ್ಲೊಮಾ ಸೇರು ಅಂತಿದ್ದಾರೆ’ ಅಂದ. ಸೇರು ಅಂದೆ. ಬೇರೆ ಏನು ಹೇಳಲಿ?

ದುಡ್ಡಿನ ವಿಷಯ ಸ್ವಲ್ಪ ಹೇಳುತ್ತೇನೆ. ನನ್ನ ಅತಿ ಒಳ್ಳೆಯ ವರ್ಷದಲ್ಲಿ ತಿಂಗಳಿಗೆ 35,000 ಬಂತು, ಎಂಟು ತಿಂಗಳು. ಉಳಿದ ನಾಲ್ಕು ತಿಂಗಳು ಸೊನ್ನೆ. ನಮ್ಮ ಕಾಂಟ್ರಾಕ್ಟ್‌ಗಳೆಲ್ಲ ಸೀಸನ್ ಲೆಕ್ಕದವು. ಒಂದು ಕ್ಲಬ್ ಕೊನೆಯ ಮೂರು ತಿಂಗಳ ಸಂಬಳ ಕೊಡಲೇ ಇಲ್ಲ. ಅದರ ಹೆಸರು ಬೇಡ, ಆ ಕ್ಲಬ್ಬೇ ಈಗ ಇಲ್ಲ. ಸೀಸನ್ ಮುಗಿದ ಮೇಲೆ ಮಲಬಾರ್ ಕಡೆ ಹೋಗಿ ಸೆವೆನ್ಸ್ ಆಡುತ್ತಿದ್ದೆ. ಕೊಯ್ಲಾದ ಗದ್ದೆಯಲ್ಲಿ ಅಡಿಕೆ ಮರದ ಗ್ಯಾಲರಿ ಕಟ್ಟಿ, ಲೈಟ್ ಹಾಕಿ, ಏಳೇಳು ಜನರ ಆಟ. ಇವತ್ತು ಮಂಜೇರಿ, ನಾಳೆ ಪೆರಿಂದಲ್ಮಣ್ಣ. ಮ್ಯಾಚ್ ಮುಗಿದ ತಕ್ಷಣ ಕೈಗೆ ನೋಟು. ನೈಜೀರಿಯಾ, ಘಾನಾದಿಂದ ಬಂದ ಹುಡುಗರ ಜೊತೆ ಒಂದೇ ಜೀಪಿನಲ್ಲಿ ಮಲಗಿಕೊಂಡು ಊರೂರು ಸುತ್ತಿದ್ದೇನೆ. ಆ ಆಟಕ್ಕೆ ಫೆಡರೇಷನ್ ಮಾನ್ಯತೆ ಇಲ್ಲ, ಆಡಬಾರದು ಅಂತ ಕಾಂಟ್ರಾಕ್ಟ್‌ನಲ್ಲೇ ಇರುತ್ತಿತ್ತು. ಆಡಿದೆ. ನನ್ನ ಎಡ ಮಂಡಿಯ ಲಿಗಮೆಂಟ್ ಹರಿದಿದ್ದೂ ಅಲ್ಲೇ. ಯಾರನ್ನೂ ದೂರುವ ಹಾಗಿಲ್ಲ, ತಪ್ಪು ನನ್ನದೇ. ಆಪರೇಷನ್‌ಗೆ ಅಪ್ಪ ಎರಡು ಹೊಲಿಗೆ ಮಷೀನ್ ಮಾರಿದರು.

2019ರಲ್ಲಿ ಊರಿಗೆ ವಾಪಸ್ ಬಂದೆ. ಕೈಯಲ್ಲಿದ್ದ ದುಡ್ಡಿನಲ್ಲಿ ಕೋಚಿಂಗ್‌ನ ಡಿ ಲೈಸೆನ್ಸ್ ಮಾಡಿದೆ, ಆಮೇಲೆ ಸಿ. ಇದಕ್ಕಿಂತ ಮೇಲೆ ಬಿ, ಎ, ಪ್ರೊ ಇವೆ, ನನ್ನ ಜೇಬಿಗೆ ಎಟುಕುತ್ತಿಲ್ಲ. ಈಗ ದಿನಾ ಬೆಳಿಗ್ಗೆ 6ಕ್ಕೆ ಮತ್ತು ಸಂಜೆ ನಾಲ್ಕೂವರೆಗೆ 60 ಮಕ್ಕಳು ಬರುತ್ತಾರೆ. 14 ಬಾಲ್ ಇವೆ. ಅದರಲ್ಲಿ ಆರು ನಾಲ್ಕನೇ ಸೈಜ್, 12ರ ಒಳಗಿನವರಿಗೆ. ಚಿಕ್ಕ ಮಕ್ಕಳಿಗೆ ಐದನೇ ಸೈಜ್ ಕೊಟ್ಟರೆ ಅವು ಬಾಲನ್ನು ಒದೆಯುವುದಿಲ್ಲ, ತಳ್ಳುತ್ತವೆ. ಎಷ್ಟೋ ದಾನಿಗಳಿಗೆ ಇದು ಗೊತ್ತಿಲ್ಲ, ದೊಡ್ಡ ಬಾಲ್ ಕೊಟ್ಟರೆ ದೊಡ್ಡ ದಾನ ಅಂದುಕೊಂಡಿರುತ್ತಾರೆ. ಅವತ್ತು ವೇದಿಕೆಯಲ್ಲಿ ನೀವು ಕೊಟ್ಟ ಎರಡೂ ಐದನೇ ಸೈಜ್. ಇರಲಿ, ದೊಡ್ಡ ಹುಡುಗರು ಆಡುತ್ತಿದ್ದಾರೆ.

ನನ್ನ ನೇಮಕ 11 ತಿಂಗಳ ಗುತ್ತಿಗೆ. ಸಂಬಳ 18,000, ಎರಡು ಮೂರು ತಿಂಗಳು ತಡವಾಗಿ ಬರುತ್ತದೆ. ಕೊಡುವ ಸಂಸ್ಥೆ ಯಾವುದು ಅಂತ ಇಲ್ಲಿ ಬರೆಯುವುದಿಲ್ಲ, ಅಲ್ಲಿನ ಗುಮಾಸ್ತರು ನನಗಿಂತ ಕಷ್ಟದಲ್ಲಿದ್ದಾರೆ. ಸಂಬಳದ ಬಗ್ಗೆ ಅಳಲು ನಾನು ಬರೆಯುತ್ತಿಲ್ಲ ಸಾರ್. ಆ 11ರ ಲೆಕ್ಕದ ಬಗ್ಗೆ ಬರೆಯುತ್ತಿದ್ದೇನೆ. ಗುತ್ತಿಗೆ ಮೇ ತಿಂಗಳಿಂದ ಮಾರ್ಚ್ 31ರವರೆಗೆ. ಏಪ್ರಿಲ್ ಖಾಲಿ. ಶಾಲೆಗೆ ಬೇಸಿಗೆ ರಜೆ ಬರುವುದೇ ಏಪ್ರಿಲ್‌ನಲ್ಲಿ ಅಲ್ವಾ? ವರ್ಷದಲ್ಲಿ ಮಕ್ಕಳಿಗೆ ಪೂರ್ತಿ ದಿನ ಸಿಗುವ ತಿಂಗಳಲ್ಲೇ ಕೋಚ್ ಇಲ್ಲ, ಬಾಲ್ ಇಡುವ ರೂಮಿಗೆ ಬೀಗ. ಮೇ ತಿಂಗಳಲ್ಲಿ ಮತ್ತೆ ಅದೇ ಕೋಚ್ ಬರುತ್ತಾನೆ ಅಂತಲೂ ಇಲ್ಲ. ನನಗಿಂತ ಮೊದಲು ಇಲ್ಲಿ ನಾಲ್ಕು ವರ್ಷದಲ್ಲಿ ಮೂವರು ಬದಲಾಗಿದ್ದರು.

ಕೋಚ್ ಬದಲಾದರೆ ಏನು ಮಹಾ ಅಂತ ನಿಮಗೆ ಅನ್ನಿಸಬಹುದು. ಒಬ್ಬ ಹುಡುಗನ ಕತೆ ಹೇಳುತ್ತೇನೆ. ಗ್ಯಾರೇಜ್ ಮೆಕ್ಯಾನಿಕ್ ಒಬ್ಬರ ಮಗ. 11ನೇ ವಯಸ್ಸಿನಲ್ಲಿ ಅವನ ಕಾಲಿಗೆ ಬಾಲ್ ಅಂಟಿಕೊಂಡ ಹಾಗೆ ಇರುತ್ತಿತ್ತು. 13ಕ್ಕೆ ಒಂದೇ ವರ್ಷದಲ್ಲಿ ನಾಲ್ಕು ಇಂಚು ಬೆಳೆದ. ಬೆಳೆದದ್ದೇ ಎಡವಲು ಶುರು. ಸುಲಭದ ಪಾಸ್ ತಪ್ಪುತ್ತಿತ್ತು, ಓಡಿದರೆ ಹಿಮ್ಮಡಿ ನೋವು, ಮಂಡಿ ಕೆಳಗೆ ಗಂಟು ಕಟ್ಟಿದ ಹಾಗೆ ನೋವು. ಇದು ಕಾಯಿಲೆ ಅಲ್ಲ. ಮೂಳೆ ಬೇಗ ಬೆಳೆದು ಸ್ನಾಯು ಅದರ ಹಿಂದೆ ಓಡುತ್ತಿರುತ್ತದೆ. ಈ ವಯಸ್ಸಿನ ಆಟಗಾರರಲ್ಲಿ ತುಂಬಾ ಸಾಮಾನ್ಯ. ಮಾಡಬೇಕಾದ್ದು ಸುಲಭ. ಓಟ, ಜಿಗಿತ ಕಡಿಮೆ ಮಾಡಿಸಬೇಕು, ಬಾಲ್ ಜೊತೆ ನಿಧಾನದ ಕೆಲಸ ಜಾಸ್ತಿ ಕೊಡಬೇಕು, ಕಾಯಬೇಕು. ಎರಡು ವರ್ಷದ ಹಿಂದೆ ಅವನು ಹೇಗೆ ಆಡುತ್ತಿದ್ದ ಅಂತ ಕಂಡಿದ್ದಕ್ಕೆ ನಾನು ಕಾದೆ. ಅವತ್ತೇ ಬಂದ ಹೊಸ ಕೋಚ್ ಕಣ್ಣಿಗೆ ಕಾಣುವುದು ಉದ್ದ ಕಾಲಿನ, ಕುಂಟುವ, ಬಾಲ್ ತಪ್ಪಿಸುವ ಒಬ್ಬ ಹುಡುಗ. ಅವನನ್ನು ಬೆಂಚಿಗೆ ಕಳಿಸುತ್ತಾನೆ. ಹುಡುಗ ಎರಡು ವಾರ ಬೆಂಚಿನಲ್ಲಿ ಕೂತು, ಮೂರನೇ ವಾರ ಬರುವುದೇ ಇಲ್ಲ. ಈ ಹುಡುಗ ಈಗ 15ರವನು, ಮಿಡ್‌ಫೀಲ್ಡ್‌ನಲ್ಲಿ ಆಡುತ್ತಾನೆ. ಬೇಕಾದರೆ ಬಂದು ನೋಡಿ.

ಆಟಗಾರ ಊರೂರು ಅಲೆದರೆ ನಡೆಯುತ್ತದೆ. ನಾನು ಅಲೆದೆ, ಕಲಿತೆ, ನಾಲ್ಕು ಭಾಷೆ ಬಂತು. ಕೋಚ್ ಅಲೆಯಬಾರದು. ಅವನ ಕೆಲಸದ ಅರ್ಧ ಪಾಲು ನೆನಪಿಟ್ಟುಕೊಳ್ಳುವುದು. ವಿಶ್ವ ಫುಟ್‌ಬಾಲ್ ನಡೆಸುವ ಫಿಫಾಕ್ಕೂ ಇದು ಗೊತ್ತು. ದುಡ್ಡು ಕೊಟ್ಟು ಆಟಗಾರನನ್ನು ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ ಕೊಂಡರೆ, ಆ ದುಡ್ಡಿನಲ್ಲಿ ನೂರಕ್ಕೆ 5ರಷ್ಟು ಅವನನ್ನು 12ರಿಂದ 23ನೇ ವಯಸ್ಸಿನವರೆಗೆ ತಯಾರು ಮಾಡಿದ ಕ್ಲಬ್‌ಗಳಿಗೆ ಹೋಗಬೇಕು ಅಂತ ನಿಯಮ. ಅಂದರೆ 12ನೇ ವಯಸ್ಸಿನಲ್ಲಿ ಕಲಿಸಿದವರಿಗೂ ಪಾಲಿದೆ. ನಮ್ಮಲ್ಲಿ ಪಾಲು ಬೇಡ, ಏಪ್ರಿಲ್ ಕೊಟ್ಟರೆ ಸಾಕು.

ಈಗ ನಿಮ್ಮ ಘೋಷಣೆಗೆ ಬರುತ್ತೇನೆ. ಅವತ್ತು ‘ಅಂತರರಾಷ್ಟ್ರೀಯ ಮಟ್ಟದ ಫುಟ್‌ಬಾಲ್ ಅಕಾಡೆಮಿ, ಕೃತಕ ಹುಲ್ಲು, ಗ್ಯಾಲರಿ, ಮಹಾದ್ವಾರ’ ಅಂದಿರಿ. ನಿಮ್ಮ ಮನಸ್ಸು ಒಳ್ಳೆಯದೇ. ಆದರೆ ಕೃತಕ ಹುಲ್ಲು ಹಾಕಿದ ಮೇಲೆ ಏನಾಗುತ್ತದೆ ಅಂತ ನಾನು ಬೇರೆ ಕಡೆ ನೋಡಿದ್ದೇನೆ. ಬೇಲಿ ಬರುತ್ತದೆ. ಬೇಲಿಗೆ ಗೇಟು, ಗೇಟಿಗೆ ಗಂಟೆ ಲೆಕ್ಕದ ಬಾಡಿಗೆ. ರಾತ್ರಿ ಕಂಪನಿಯವರು ಬಂದು ಆಡುತ್ತಾರೆ, ಆಡಲಿ. ನಮ್ಮ 60 ಮಕ್ಕಳು ಬೇಲಿ ಹಿಡಿದು ನಿಲ್ಲುತ್ತಾರೆ. ಬಿಸಿಲಿಗೆ ಆ ಹುಲ್ಲು ಕಾದ ಕಾವಲಿ. ಎಂಟು ಹತ್ತು ವರ್ಷಕ್ಕೆ ಸವೆದು ಪೂರ್ತಿ ಬದಲಾಯಿಸಬೇಕು, ಆ ದುಡ್ಡು ಯಾರು ಕೊಡುತ್ತಾರೆ? ಮಣ್ಣಿನ ಮೈದಾನವೇ ಇರಲಿ. ವರ್ಷಕ್ಕೊಂದು ಸಲ ರೋಲರ್ ಹೊಡೆಸಿ, ಕಲ್ಲು ಆರಿಸಿ. ಮದುವೆ ಪಾರ್ಕಿಂಗ್‌ಗೆ, ಮೇಳಕ್ಕೆ, ನಿಮ್ಮ ಪಕ್ಷದ ಸಭೆಗೆ (ಕ್ಷಮಿಸಿ, ಎಲ್ಲ ಪಕ್ಷದವರ ಸಭೆಗೂ) ಕೊಟ್ಟಾಗ ಶಾಮಿಯಾನದ ಗೂಟ ಕಿತ್ತ ಗುಂಡಿಗಳನ್ನು ಮುಚ್ಚಿಸಿ. ಹೋದ ವರ್ಷ ಅಂಥ ಒಂದು ಗುಂಡಿಗೆ ಕಾಲು ಸಿಕ್ಕಿ ಒಬ್ಬಳಿಗೆ ಪಾದ ಮುರಿಯಿತು. ಅವಳು ಮಂಡ್ಯದಿಂದ ವಾರಕ್ಕೆ ಮೂರು ದಿನ ರೈಲಿನಲ್ಲಿ ಬರುತ್ತಾಳೆ. ಇಲ್ಲಿ ಹೆಣ್ಣುಮಕ್ಕಳಿಗೆ ಟಾಯ್ಲೆಟ್ ಇಲ್ಲ. ಹಾಗಾಗಿ ಅವರು ಮಧ್ಯಾಹ್ನದಿಂದಲೇ ನೀರು ಕುಡಿಯುವುದು ಬಿಡುತ್ತಾರೆ. ಇದು ನನಗೆ ಗೊತ್ತಾಗಿದ್ದು ಒಂದು ಹುಡುಗಿ ತಲೆತಿರುಗಿ ಬಿದ್ದ ಮೇಲೆ. ನಾಚಿಕೆಯಾಯಿತು.

ನಿಮಗೆ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಅಂತ ವರ್ಷಕ್ಕೆ 2 ಕೋಟಿ ಬರುತ್ತದೆ. ಅದರಲ್ಲಿ ಸಂಬಳ ಕೊಡಲು ಬರುವುದಿಲ್ಲ ಅಂತ ನಿಮ್ಮ ಆಪ್ತ ಸಹಾಯಕರು ಹೇಳಿದರು, ಒಪ್ಪುತ್ತೇನೆ. ಆದರೆ ಟಾಯ್ಲೆಟ್, ನಲ್ಲಿ, ಎರಡು ದೀಪದ ಕಂಬಕ್ಕೆ ಬರುತ್ತದೆ. ಮಹಾದ್ವಾರಕ್ಕಿಂತ ಕಡಿಮೆಯಲ್ಲೇ ಮುಗಿಯುತ್ತದೆ. ನಿಮ್ಮ ಹೆಸರಿನ ಕಲ್ಲು ಟಾಯ್ಲೆಟ್ ಮೇಲೆ ಬೇಡ ಅನ್ನಿಸಿದರೆ ನಲ್ಲಿಯ ಹತ್ತಿರ ಹಾಕೋಣ.

ಸಂಬಳದ ವಿಷಯಕ್ಕೆ ನಿಮ್ಮ ಹತ್ತಿರ ಇನ್ನೊಂದು ದಾರಿ ಇದೆ. ಮುಂದಿನ ಅಧಿವೇಶನದಲ್ಲಿ ಒಂದು ಚುಕ್ಕೆ ಗುರುತಿನ ಪ್ರಶ್ನೆ ಕೇಳಿ, ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರ ಕೊಡಬೇಕಾದಂಥದ್ದು. ಮೈಸೂರು, ಮಂಡ್ಯ, ಚಾಮರಾಜನಗರ ಜಿಲ್ಲೆಗಳಲ್ಲಿ ಮಕ್ಕಳಿಗೆ ಆಟ ಕಲಿಸುವ ಕೋಚ್‌ಗಳು ಎಷ್ಟು ಜನ? ಅವರಲ್ಲಿ ಗುತ್ತಿಗೆಯವರು ಎಷ್ಟು? ಒಂದೇ ಮೈದಾನದಲ್ಲಿ ಮೂರು ವರ್ಷ ಇದ್ದವರು ಎಷ್ಟು? ಉತ್ತರ ಸದನದ ದಾಖಲೆಗೆ ಹೋಗುತ್ತದೆ. ಆಮೇಲೆ ಮೂರು ವರ್ಷದ ಗುತ್ತಿಗೆ ಕೇಳುವುದು ನಿಮಗೂ ಸುಲಭ, ನಮಗೂ ಸುಲಭ. ಆ ಕೆಲಸ ನನಗೇ ಸಿಗಬೇಕು ಅಂತಿಲ್ಲ. ನನಗಿಂತ ಒಳ್ಳೆಯವರು ಬಂದರೆ ಮಕ್ಕಳ ಹೆಸರು, ಅವರವರ ಮಂಡಿ ನೋವು, ಯಾರಿಗೆ ಯಾವ ಕಾಲು, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ, ಕೊಡುತ್ತೇನೆ.

ಹಣ್ಣಿನ ಬುಟ್ಟಿಗೆ ಥ್ಯಾಂಕ್ಸ್ ಹೇಳುವುದು ಮರೆತಿದ್ದೆ. ಐದು ನಿಮಿಷದಲ್ಲಿ ಖಾಲಿಯಾಯಿತು. ಪೇಟ ಮಕ್ಕಳ ಕೈಗೆ ಸಿಕ್ಕಿದೆ. ಮ್ಯಾಚ್ ಗೆದ್ದ ತಂಡದ ಗೋಲ್‌ಕೀಪರ್ ಅದನ್ನು ಹಾಕಿಕೊಂಡು ಮೈದಾನ ಒಂದು ಸುತ್ತು ಬರಬೇಕು ಅಂತ ಅವರೇ ನಿಯಮ ಮಾಡಿಕೊಂಡಿದ್ದಾರೆ.

ಮಾರ್ಚ್ 31ಕ್ಕೆ ನನ್ನ ಈ ಸಲದ ಗುತ್ತಿಗೆ ಮುಗಿಯುತ್ತದೆ. ಅಂಡರ್–13 ಹುಡುಗರು ರಜೆಯಲ್ಲಿ ಒಂದು ಟೂರ್ನಿಗೆ ಹೆಸರು ಕೊಟ್ಟಿದ್ದಾರೆ, ಏಪ್ರಿಲ್ ಎರಡನೇ ವಾರ. ಬಾಲ್ ರೂಮಿನ ಬೀಗದ ಕೈ ನನ್ನ ಹತ್ತಿರ ಇದೆ. ಅದನ್ನು ಯಾರಿಗೆ ಕೊಡಲಿ ಅಂತ ನಿಮ್ಮ ಕಚೇರಿಯಿಂದ ಒಂದು ಮಾತು ಹೇಳಿಸಿ.

ಇಂತಿ,
ನಿಮ್ಮ ಕ್ಷೇತ್ರದ ಮತದಾರ, ಒಬ್ಬ ಫುಟ್‌ಬಾಲ್ ಕೋಚ್
ಮೈಸೂರು