ಭಾನುವಾರದ ಆಲಿಕೆ: ಚಾರ್ಲಿ ಮರಿಯಾನೊ

ಎಲ್ಲ ಸದಸ್ಯರಿಗೂ ನಮಸ್ಕಾರ.

ಈ ಭಾನುವಾರದ ಆಲಿಕೆಯ ಕೂಟವು ಸಂಜೆ 5ರ ಬದಲು 4 ಗಂಟೆಗೇ, ಎಂದಿನ ಸ್ಥಳದಲ್ಲಿ ಆರಂಭವಾಗಲಿದ್ದು, ದೂರದಿಂದ ಬರುವವರು ದಯವಿಟ್ಟು ಇದನ್ನು ಗಮನಿಸಬೇಕು. 1923ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿ 2009ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ತೀರಿಕೊಂಡ ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರ ಸಂಗೀತಯಾನವೇ ಈ ಸಲದ ವಿಷಯ. ಬರ್ಕ್ಲಿ ಸಂಗೀತ ಶಾಲೆಯಲ್ಲಿ ಪಾಠ ಹೇಳಿದ ಈ ಮೇಷ್ಟ್ರು, 1960ರ ದಶಕದಲ್ಲಿ ರೇಡಿಯೋ ವಾದ್ಯವೃಂದಕ್ಕೆ ತರಬೇತಿ ನೀಡಲು ಮಲೇಷ್ಯಾಕ್ಕೆ ಹೋದವರು, ಅಲ್ಲಿ ನಾಗಸ್ವರದ ನಾದಕ್ಕೆ ಮನಸೋತು ಅದನ್ನು ಕಲಿಯಲು ತಾವೇ ಶಿಷ್ಯರಾದರು. ನನಗೆ ಅವರ ಬದುಕಿನಲ್ಲಿ ಅತ್ಯಂತ ಪ್ರಿಯವಾದ ಸಂಗತಿ ಇದು.

ಮುಖ್ಯವಾಗಿ ಕೇಳಲಿರುವುದು, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದೊಡನೆ ಅವರು 1983ರಲ್ಲಿ ಮಾಡಿದ 'ಜ್ಯೋತಿ' ಧ್ವನಿಮುದ್ರಿಕೆ. ಆರ್.ಎ. ರಮಾಮಣಿ ಅವರ ಕಂಠದ ಪಕ್ಕದಲ್ಲಿ ಸ್ಯಾಕ್ಸೊಫೋನ್ ನುಡಿಯುವ ಬಗೆಯನ್ನೂ ಟಿ.ಎ.ಎಸ್. ಮಣಿ ಅವರ ಮೃದಂಗವನ್ನೂ ಕಿವಿಗೊಟ್ಟು ಕೇಳಬೇಕಾದ್ದರಿಂದ, ಹತ್ತು ನಿಮಿಷ ಮೊದಲೇ ಬಂದು, ಮೊಬೈಲ್ ಆರಿಸಿ ಕುಳಿತುಕೊಳ್ಳಬೇಕಾಗಿ ವಿನಂತಿ.

ಈ ಮುದ್ರಿಕೆಯ ಎಲ್‌ಪಿ (ಗ್ರಾಮಫೋನ್ ತಟ್ಟೆ) ಯಾರ ಬಳಿಯಾದರೂ ಇದ್ದರೆ ತನ್ನಿ. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲಿಯೇ 'ಬರುತ್ತೇನೆ' ಎಂದು ತಿಳಿಸಿದರೆ ಕುರ್ಚಿ, ಕಾಫಿಯ ಏರ್ಪಾಡಿಗೆ ಅನುಕೂಲವಾಗುತ್ತದೆ.