ಠಾಣೆಯ ಅಂಗಳದಲ್ಲಿ ತುಕ್ಕು ಹಿಡಿಯುವ ಗಾಡಿಗಳು

ಮಾನ್ಯರೇ,

ಕಳವಾಗಿದ್ದ ನನ್ನ ಭಾವನ ಗೂಡ್ಸ್ ಆಟೋವನ್ನು ಪೊಲೀಸರು ಹುಡುಕಿ ತಂದರು. ಅದಕ್ಕೆ ಕೃತಜ್ಞತೆ ಇದೆ. ಆದರೆ ಗಾಡಿ ಇನ್ನೂ ಭಾವನ ಕೈಗೆ ಬಂದಿಲ್ಲ. ಕೇಸಿನ ಮುದ್ದೆಮಾಲು, ಅಂದರೆ ಸಾಕ್ಷ್ಯದ ಸೊತ್ತು ಅಂತ ಠಾಣೆಯ ಅಂಗಳದಲ್ಲೇ ನಿಂತಿದೆ. ಆಟಿಯ ಮಳೆಯೆಲ್ಲ ಅದರ ಮೇಲೆ ಸುರಿಯಿತು. ಸೀಟಿನ ಸ್ಪಂಜನ್ನು ಇಲಿಗಳು ಕಿತ್ತು ಹಾಕಿವೆ, ಬ್ಯಾಟರಿ ಕೆಟ್ಟಿದೆ, ಟೈರುಗಳಲ್ಲಿ ಗಾಳಿಯಿಲ್ಲ. ಅಡಿಕೆ, ತೆಂಗಿನಕಾಯಿ ಸಾಗಿಸಿ ಸಂಸಾರ ನಡೆಸುತ್ತಿದ್ದವರು ಈಗ ಬಾಡಿಗೆ ಗಾಡಿ ಓಡಿಸುತ್ತಾ ಸ್ವಂತ ಗಾಡಿಯ ಸಾಲದ ಕಂತು ಕಟ್ಟುತ್ತಿದ್ದಾರೆ. ಆರೋಪಿಗೆ ಜಾಮೀನು ಸಿಕ್ಕಿ ಆಯಿತು!

"ಕೇಸು ಮುಗಿಯದೆ ಗಾಡಿ ಸಿಗುವುದಿಲ್ಲ" ಎಂದು ಠಾಣೆಯಲ್ಲಿ ಹೇಳಿದರಂತೆ. ಭಾವ ನಂಬಿ ಸುಮ್ಮನಾದರು. ಕಾನೂನು ಹಾಗೆ ಹೇಳುವುದಿಲ್ಲ. ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2002ರಲ್ಲೇ ಇದನ್ನು ಬಿಡಿಸಿ ಹೇಳಿದೆ. ವಶಪಡಿಸಿಕೊಂಡ ವಾಹನವನ್ನು ಠಾಣೆಯಲ್ಲಿ ವರ್ಷಗಟ್ಟಲೆ ಇಡಬಾರದು, ಫೋಟೋ ತೆಗೆದು, ಪಂಚನಾಮೆ ಮಾಡಿ, ಬಾಂಡ್ ಮತ್ತು ಜಾಮೀನು ಪಡೆದು ಮಾಲೀಕರಿಗೆ ಒಪ್ಪಿಸಬೇಕು. ಠಾಣೆಯಲ್ಲಿ ಇಡುವುದು 15 ದಿನದಿಂದ ಹೆಚ್ಚೆಂದರೆ ಒಂದು ತಿಂಗಳು, ಅಷ್ಟೇ. ಕ್ರಿಮಿನಲ್ ಕೇಸು ನಡೆಸುವ ಕ್ರಮ ಹೇಳುವ, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಮು ಇನ್ನೂ ಖಚಿತವಾಗಿದೆ. ಸೊತ್ತು ಕೋರ್ಟಿನ ಮುಂದೆ ಬಂದ 14 ದಿನದೊಳಗೆ ಅದರ ವಿವರ ಬರೆಸಬೇಕು, ಫೋಟೋ ಅಥವಾ ವಿಡಿಯೋ ಮಾಡಿಸಬೇಕು. ಆಮೇಲೆ 30 ದಿನದೊಳಗೆ ಯಾರಿಗೆ ಕೊಡುವುದೆಂದು ಆದೇಶವಾಗಬೇಕು. ವಿಚಾರಣೆಯಲ್ಲಿ ಆ ಫೋಟೋವೇ ಸಾಕ್ಷ್ಯವಾಗುತ್ತದೆ. ಮತ್ತೆ ಗಾಡಿಯನ್ನು ಮಳೆಗೆ ನಿಲ್ಲಿಸಿ ಯಾರಿಗೆ ಲಾಭ?

ಆರ್‌ಸಿ, ಇನ್ಶೂರೆನ್ಸ್, ಜಾಮೀನು ನಿಲ್ಲುವವರ ತೀರ್ವೆ (ಭೂಕಂದಾಯ) ರಶೀದಿ ಹಿಡಿದು ವಕೀಲರ ಮೂಲಕ ಕೋರ್ಟಿಗೆ ಅರ್ಜಿ ಹಾಕಬಹುದು ಅಂತ ನಮಗೆ ಗೊತ್ತಾದದ್ದು ತೀರಾ ತಡವಾಗಿ. ಭಾವನಿಗೆ ಕೊಟ್ಟ ಕಾಗದವೆಲ್ಲ ಮಲಯಾಳದಲ್ಲಿತ್ತು. ಕನ್ನಡ ಶಾಲೆಯಲ್ಲಿ ಕಲಿತ ಅವರಿಗೆ ಮಾತು ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಕೇರಳದ ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಇಂಥವರು ಜಾಸ್ತಿ ಜನ ಇದ್ದಾರೆ, ಅಲ್ವಾ?

ಹಾಗಾಗಿ ಜಿಲ್ಲೆಯ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟು: ಗಾಡಿ ವಶಕ್ಕೆ ತೆಗೆದುಕೊಂಡ ದಿನವೇ ಮಾಲೀಕರಿಗೆ ಕನ್ನಡದಲ್ಲಿ ಒಂದು ಚೀಟಿ ಕೊಡಿ. ಕೇಸಿನ ನಂಬರು, ಯಾವ ಕೋರ್ಟು, ಏನೇನು ದಾಖಲೆ ಬೇಕು ಎಂಬುದು ಅದರಲ್ಲಿರಲಿ. ವಕೀಲರ ಫೀಸು ಕೊಡಲಾಗದವರಿಗೆ ತಾಲೂಕು ಕಾನೂನು ಸೇವಾ ಸಮಿತಿಯ ವಿಳಾಸವನ್ನೂ ಅದರಲ್ಲೇ ಬರೆದು ಕೊಡಿ.

– ಓದುಗ, ಪೈವಳಿಕೆ