ಶಾಲೆಗೆ ರಜೆ ಇರಲಿ, ಶಾಲೆಯ ನಂಟಿಗೆ ಬೇಡ

ಮಾನ್ಯ ಸಂಪಾದಕರೇ,

2025ರ ಸೆಪ್ಟೆಂಬರ್ 20ರಂದು ದಸರಾ ರಜೆ ಶುರುವಾಯಿತು. ಅಕ್ಟೋಬರ್ 8ಕ್ಕೆ ಶಾಲೆ ತೆರೆಯಬೇಕಿತ್ತು. ಶಿಕ್ಷಕರು ಮನೆ ಮನೆಗೆ ಹೋಗಿ ಮಾಡುತ್ತಿದ್ದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಮುಗಿದಿಲ್ಲವೆಂದು ಸರ್ಕಾರಿ, ಅನುದಾನಿತ ಶಾಲೆಗಳಿಗೆ 18ರವರೆಗೂ ರಜೆ ಎಳೆದರು. ಬೆನ್ನಿಗೇ ದೀಪಾವಳಿ ಬಂತು. ಲೆಕ್ಕ ಹಾಕಿದರೆ ಒಂದು ತಿಂಗಳು ಸರ್ಕಾರಿ ಶಾಲೆಯ ಮಗುವಿಗೂ ಪುಸ್ತಕಕ್ಕೂ ಮುಖಾಮುಖಿಯೇ ಇಲ್ಲ. ಖಾಸಗಿ ಶಾಲೆಗಳಿಗೆ ಈ ಹೆಚ್ಚುವರಿ ರಜೆ ಇರಲಿಲ್ಲ. ನಮ್ಮ ಚಳ್ಳಕೆರೆ ಸೀಮೆಯಲ್ಲಿ ಅದು ಈರುಳ್ಳಿ, ಶೇಂಗಾ ಕೀಳುವ ಕಾಲ. ಬೆಳಿಗ್ಗೆ ಎಂಟೂವರೆಗೆ ಹಟ್ಟಿಯ ಮುಂದೆ ಕಾನ್ವೆಂಟಿನ ಹಳದಿ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಅದರ ಹಿಂದೆಯೇ ಲಗೇಜ್ ಆಟೊದಲ್ಲಿ ಕೂಲಿ ಹೆಂಗಸರ ಜತೆ ನಾಲ್ಕನೇ, ಐದನೇ ಕ್ಲಾಸಿನ ನಮ್ಮ ಶಾಲೆಯ ಮಕ್ಕಳು ಹೊಲಕ್ಕೆ ಹೋಗುತ್ತಿದ್ದರು.

ಸಮೀಕ್ಷೆಯೇ ಬೇಡವೆನ್ನುವ ಪೈಕಿ ನಾನಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ದಶವಾರ್ಷಿಕ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆನ್ನುತ್ತದೆ. ಇದು ಅದರೊಳಗೆ ಬರುತ್ತದೋ ಇಲ್ಲವೋ ಎಂಬ ತಕರಾರು ಕಾನೂನು ಬಲ್ಲವರಿಗಿರಲಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯನಾಗಿ ನನ್ನ ಪ್ರಶ್ನೆ ಸಣ್ಣದು. ಆ ದಿನಗಳಲ್ಲಿ ನಮ್ಮ ಮಕ್ಕಳ ಜತೆ ಶಾಲೆ ಒಂದು ಮಾತನ್ನಾದರೂ ಯಾಕೆ ಆಡಲಿಲ್ಲ?

ತಮಾಷೆಯೆಂದರೆ ಮೇಷ್ಟ್ರುಗಳು ಮನೆ ಮನೆ ಬಾಗಿಲಿಗೇ ಬಂದಿದ್ದರು. ನಮ್ಮ ಹಟ್ಟಿಗೆ ಬಂದವರು ಬೇರೆ ಊರಿನವರು, ನಮ್ಮ ಮೇಷ್ಟ್ರು ಇನ್ನೆಲ್ಲೋ. ಅರವತ್ತು ಪ್ರಶ್ನೆ, ಒಟಿಪಿ, ಸುತ್ತುತ್ತಲೇ ಇರುವ ಆ್ಯಪ್. ನೆಟ್‌ವರ್ಕ್ ಹುಡುಕಿಕೊಂಡು ಪಾಪ ಅವರು ಮಾಳಿಗೆ ಹತ್ತಿ ಇಳಿದು ಸಾಕಾದರು. ಪಕ್ಕದ ಮನೆಯ ಮೂರನೇ ಕ್ಲಾಸಿನ ಹುಡುಗಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದವಳು, ‘ಸಾರ್, ಸ್ಕೂಲು ಯಾವತ್ತು?’ ಎಂದಳು. ‘ನಂಗೂ ಗೊತ್ತಿಲ್ಲ ಮರಿ, ಗ್ರೂಪಿಗೆ ಮೆಸೇಜ್ ಬರುತ್ತೆ’ ಎಂದರು. ಅವಳ ಮನೆಯಲ್ಲಿ ಗ್ರೂಪು ನೋಡುವ ಫೋನು ಇಲ್ಲ.

ಕೊರೊನಾ ಕಾಲದಲ್ಲಿ ನಾವು ಇಷ್ಟು ಕೈಚೆಲ್ಲಿ ಕೂತಿರಲಿಲ್ಲ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆ ಒಂದರಿಂದ ಐದನೇ ತರಗತಿಯವರಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಮೊದಮೊದಲು ಎಲ್ಲರ ಬಾಯಲ್ಲೂ ಆನ್‌ಲೈನ್, ಆನ್‌ಲೈನ್. ಹಳ್ಳಿಯಲ್ಲಿ ಸ್ಮಾರ್ಟ್‌ಫೋನ್ ಇರಲೇ ಇಲ್ಲವೆಂದಲ್ಲ. ಇತ್ತು, ಅದು ಅಪ್ಪನ ಜೇಬಿನಲ್ಲಿ ಕುರಿ ಹಿಂದೆ ಹೋಗುತ್ತಿತ್ತು. ರಾತ್ರಿ ಎಂಟಕ್ಕೆ ಮನೆಗೆ ಬಂದರೆ ಚಾರ್ಜ್ ಇರುತ್ತಿರಲಿಲ್ಲ, ಚಾರ್ಜ್ ಇದ್ದರೆ ಕರೆನ್ಸಿ ಇರುತ್ತಿರಲಿಲ್ಲ. ಎರಡೂ ಇದ್ದ ದಿನ ಮೊದಲು ಹತ್ತನೇ ಕ್ಲಾಸಿನ ಹುಡುಗ ಹಿಡಿಯುವನು, ಆಮೇಲೆ ಏಳನೆಯವಳು. ಎರಡನೇ ಕ್ಲಾಸಿನ ಕೂಸು ಅಷ್ಟೊತ್ತಿಗೆ ನಿದ್ದೆ ಹೋಗಿರುತ್ತಿತ್ತು. 2020ರ ಜುಲೈನಲ್ಲಿ ದೂರದರ್ಶನ ಚಂದನದಲ್ಲಿ ‘ಸಂವೇದ’ ಪಾಠಗಳು ಬಂದವು. ಪಾಠ ಚೆನ್ನಾಗಿಯೇ ಇದ್ದವು. ಕರೆಂಟಿಗೆ ಮಾತ್ರ ಅದರ ವೇಳಾಪಟ್ಟಿ ಗೊತ್ತಿರಲಿಲ್ಲ.

ನಿಜವಾಗಿ ಶಾಲೆ ಊರಿಗೆ ಬಂದದ್ದು ಆ ವರ್ಷದ ಆಗಸ್ಟ್‌ನಲ್ಲಿ ಶುರುವಾದ ‘ವಿದ್ಯಾಗಮ’ದಿಂದ. ಮಕ್ಕಳಲ್ಲಿ ಯಾರ ಮನೆಯಲ್ಲಿ ಇಂಟರ್‌ನೆಟ್ ಇರುವ ಫೋನ್ ಇದೆ, ಯಾರಲ್ಲಿ ಬರೀ ಮಾತಾಡುವ ಫೋನ್, ಯಾರಲ್ಲಿ ಏನೂ ಇಲ್ಲ ಎಂದು ಮೊದಲು ವಿಂಗಡಿಸಿಕೊಂಡರು. ಆಮೇಲೆ ಇಪ್ಪತ್ತು ಇಪ್ಪತ್ತೈದು ಮಕ್ಕಳಿಗೊಬ್ಬ ಶಿಕ್ಷಕರು ಗೊತ್ತಾದರು. ನಮ್ಮಲ್ಲಿ ಗುಡಿಯ ಜಗಲಿಯೇ ಕ್ಲಾಸು. ಸುಣ್ಣದ ಪುಡಿಯಲ್ಲಿ ದೂರ ದೂರ ಗುಂಡು ಗೆರೆ, ಒಂದೊಂದು ಗೆರೆಯೊಳಗೆ ಒಂದೊಂದು ಮಗು. ಕಂಬದ ಮೊಳೆಗೆ ಸುರುಳಿ ಬೋರ್ಡು. ಹಿಂದಿನಿಂದ ಕೋಳಿ ಹಾಯ್ದು ಹೋದರೆ ಗುಣಾಕಾರ ಅಲ್ಲಿಗೆ ನಿಲ್ಲುತ್ತಿತ್ತು, ಅದು ಬೇರೆ ಮಾತು.

ಯಾರೂ ಬರೆದಿಡದ ಒಂದು ಸಂಗತಿ ಆ ಜಗಲಿಯಲ್ಲಿ ನಡೆಯಿತು. ನೀರಿಗೆ ಬಂದ ತಾಯಂದಿರು ಕೊಡ ಕೆಳಗಿಟ್ಟು ನಿಂತು ನೋಡುತ್ತಿದ್ದರು. ಮಗ ಶಾಲೆಗೆ ಹೋಗುತ್ತಾನೆಂದು ಅವರಿಗೆ ಗೊತ್ತಿತ್ತು. ಮೇಷ್ಟ್ರು ಹೇಗೆ ಕಲಿಸುತ್ತಾರೆ, ತಮ್ಮ ಮಗ ಎಲ್ಲಿ ತಡವರಿಸುತ್ತಾನೆ ಎಂಬುದು ಕಣ್ಣಿಗೆ ಬಿದ್ದದ್ದು ಆಗಲೇ. ‘ಎರಡಂಕಿ ಭಾಗಾಕಾರ ಬರಲ್ಲ ಇವನಿಗೆ’ ಎಂದು ಒಬ್ಬ ತಾಯಿ ಮೇಷ್ಟ್ರಿಗೇ ಹೇಳಿದ್ದನ್ನು ನಾನು ಕೇಳಿದ್ದೇನೆ. ಎಷ್ಟು ಪಾಲಕರ ಸಭೆ ಕರೆದರೂ ಈ ಮಾತು ಹೊರಡುವುದಿಲ್ಲ. ಸಭೆಯಲ್ಲಿ ನಾವು ಕಾಂಪೌಂಡ್, ಶೌಚಾಲಯ, ಟೀ ಬಿಸ್ಕತ್ತು ಮುಗಿಸಿ ಎದ್ದು ಬರುತ್ತೇವೆ.

ಶಿಕ್ಷಕರಿಗೆ ಸೋಂಕು ತಗುಲಿ ಕೆಲವರ ಜೀವವೂ ಹೋದ ಮೇಲೆ ಅಕ್ಟೋಬರ್‌ನಲ್ಲಿ ವಿದ್ಯಾಗಮ ನಿಂತಿತು. ನಿಲ್ಲಿಸಿದ್ದು ಸರಿಯೇ. ಆದರೆ ಆ ಎರಡು ತಿಂಗಳಲ್ಲಿ ಕಟ್ಟಿದ ದಾರಿ ಆಮೇಲೂ ಉಪಯೋಗಕ್ಕೆ ಬಂತು. ಬಿಸಿಯೂಟದ ಬದಲು ಅಕ್ಕಿ, ಬೇಳೆ ಹಂಚುವಾಗ ಯಾರ ಮನೆಯವರು ಬರಲಿಲ್ಲ, ಯಾವ ಮಗು ಅಪ್ಪ ಅಮ್ಮನ ಜತೆ ಕಾಫಿ ಸೀಮೆಗೆ ಗುಳೆ ಹೋಗಿದೆ, ಯಾವ ಹುಡುಗಿಗೆ ಗಂಡು ನೋಡುತ್ತಿದ್ದಾರೆ ಎಂಬುದೆಲ್ಲ ಶಾಲೆಗೆ ತಿಳಿಯುತ್ತಿತ್ತು. ಅಕ್ಕಿ ತೂಗುವ ತಕ್ಕಡಿಯ ಮುಂದೆ ಸಿಕ್ಕಷ್ಟು ಸುದ್ದಿ ಯಾವ ಗ್ರೂಪಿನಲ್ಲೂ ಸಿಗಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ಟರು. ಆ ಕಾರ್ಡು ನಮ್ಮ ಹಟ್ಟಿಯ ಕೆಲವು ಮನೆಗಳಲ್ಲಿ ದೇವರ ಪಟದ ಹಿಂದೆ ಇನ್ನೂ ಇದೆ. ಆದರೆ 2025ರ ಅಕ್ಟೋಬರ್‌ನಲ್ಲಿ ‘ಲೈಬ್ರರಿಗೆ ಹೋಗಿ ಇಂಥ ಪುಸ್ತಕ ಓದಿಕೊಂಡು ಬಾ’ ಎಂದು ಒಂದು ಮಗುವಿಗೂ ಯಾರೂ ಹೇಳಲಿಲ್ಲ.

ಈಗ ಆ ಕಾಲದಿಂದ ಉಳಿದಿರುವುದು ವಾಟ್ಸ್‌ಆ್ಯಪ್ ಗ್ರೂಪು ಒಂದೇ. ಅದರಲ್ಲಿ ಬರುವುದು ಆಧಾರ್ ಜೋಡಣೆ, ಸ್ಕಾಲರ್‌ಶಿಪ್ಪಿನ ಕೊನೆಯ ದಿನಾಂಕ, ಮತ್ತೆ ಯಾರೋ ಒಬ್ಬರ ಶುಭೋದಯ.

ಇಷ್ಟನ್ನು ಈಗ ಬರೆಯಲು ಕಾರಣವಿದೆ. ಜನಗಣತಿ ಬಾಗಿಲಲ್ಲಿದೆ. ಮನೆಪಟ್ಟಿ ಕೆಲಸ 2026ರಲ್ಲಿ, ಜನರ ಎಣಿಕೆ 2027ರ ಫೆಬ್ರುವರಿಯಲ್ಲಿ, ಅಂದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊಸ್ತಿಲಲ್ಲಿ. ಎಣಿಸಲು ಹೋಗುವವರು ಮತ್ತೆ ಇದೇ ಮೇಷ್ಟ್ರು, ಇದೇ ಟೀಚರಮ್ಮ. ಶಾಲೆಗೆ ರಜೆ ಕೊಡದಿದ್ದರೂ ಇಬ್ಬರೇ ಶಿಕ್ಷಕರಿರುವ ಕಡೆ ಒಬ್ಬರು ಹೊರಟರೆ ಅದು ಅರ್ಧ ಮುಚ್ಚಿದ ಹಾಗೆಯೇ. ಹಾಗಾಗಿ ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಗಳ ಶಿಕ್ಷಣ ಇಲಾಖೆಯವರು ಗಣತಿಗೆ ಶಿಕ್ಷಕರ ಪಟ್ಟಿ ಮಾಡುವಾಗಲೇ ಪ್ರತಿ ಶಾಲೆಯಿಂದ ಇನ್ನೊಂದು ಪಟ್ಟಿಯನ್ನೂ ಬರೆಸಿಕೊಳ್ಳಲಿ: ಯಾವ ಮಗುವಿನ ಮನೆಗೆ ಯಾವ ಹೊತ್ತಿಗೆ ಫೋನ್ ಮಾಡಿದರೆ ಸಿಗುತ್ತಾರೆ, ಫೋನೇ ಇಲ್ಲದ ಮನೆಗೆ ಕೇರಿಯಲ್ಲಿ ಸುದ್ದಿ ಮುಟ್ಟಿಸುವವರು ಯಾರು. ಒಮ್ಮೆ ಮಾಡಿಟ್ಟರೆ ಬಿಸಿಲಿಗೆ, ಮಳೆಗೆ, ಇನ್ನೊಂದು ಕಾಯಿಲೆಗೆ ಯಾವುದಕ್ಕೆ ಮುಚ್ಚಿದರೂ ಬರುತ್ತದೆ.

ಇದನ್ನು ಮತ್ತೆ ಶಿಕ್ಷಕರ ತಲೆಗೇ ಕಟ್ಟಬೇಕಿಲ್ಲ. ಅವರ ಮೇಲೆ ಈಗಾಗಲೇ ಆ್ಯಪುಗಳ ಹೊರೆ ಸಾಕಷ್ಟಿದೆ. ಕಾಯ್ದೆಯ ಪ್ರಕಾರ ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು ಇರಬೇಕು. ಯಾವ ಮಗು ಎಲ್ಲಿದೆಯೆಂದು ಆ ಹೆಂಗಸರಿಗೆ ಗೊತ್ತಿರುವಷ್ಟು ಹಾಜರಿ ಪುಸ್ತಕಕ್ಕೆ ಗೊತ್ತಿಲ್ಲ. ಸಹಿ ಹಾಕಿಸಿಕೊಳ್ಳುವುದಕ್ಕೆ ಮಾತ್ರ ಅವರನ್ನು ಕರೆಯುವುದು ನಿಲ್ಲಲಿ. ಕೇರಿಗೊಬ್ಬ ತಾಯಿ ವಾರಕ್ಕೊಮ್ಮೆ ಮಕ್ಕಳನ್ನು ಜಗಲಿಗೆ ಕೂಡಿಸಲಿ. ಒಂಬತ್ತು, ಹತ್ತನೇ ಕ್ಲಾಸಿನ ಹುಡುಗ ಹುಡುಗಿಯರು ಚಿಕ್ಕವರಿಗೆ ಓದಿಸಲಿ. ಕ್ಲಾಸ್ ಟೀಚರು ಎಲ್ಲಿದ್ದರೂ ಆ ಹೊತ್ತಿಗೆ ಒಂದು ಫೋನ್ ಮಾಡಿ ಸ್ಪೀಕರಿನಲ್ಲಿ ಮಕ್ಕಳ ಹೆಸರು ಹಿಡಿದು ಮಾತಾಡಿಸಲಿ. ಕೀಪ್ಯಾಡ್ ಫೋನಿಗೂ ಇಷ್ಟು ಸಾಧ್ಯ, ಡೇಟಾ ಬೇಕಿಲ್ಲ. ರೇಡಿಯೊ ಪಾಠವೂ ಶಾಲೆಗಳಿಗೆ ಹೊಸದಲ್ಲ, ‘ಬಾನ್ದನಿ’ ಕೇಳಿ ಬೆಳೆದವರು ನಮ್ಮಲ್ಲಿದ್ದಾರೆ. ಚಿತ್ರದುರ್ಗದಲ್ಲೇ ಆಕಾಶವಾಣಿ ಕೇಂದ್ರವಿರುವಾಗ ರಜೆ ಎಳೆದ ದಿನಗಳಲ್ಲಿ ಅರ್ಧ ಗಂಟೆ ಈ ಎರಡು ಜಿಲ್ಲೆಗಳ ಸರ್ಕಾರಿ ಶಾಲೆ ಮಕ್ಕಳಿಗೆ ಸಿಕ್ಕರೆ ಸಾಕು. ಪಾಠವೇ ಆಗಬೇಕೆಂದಿಲ್ಲ, ಯಾವ ದಿನ ಯಾವ ಪುಟ ಓದಬೇಕೆಂದು ಹೇಳಿದರೂ ಆಯಿತು.

ಊಟದ ಮಾತನ್ನೂ ಬಿಡುವಂತಿಲ್ಲ. 2024ರ ಬೇಸಿಗೆ ರಜೆಯಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ಬಿಸಿಯೂಟ ನಡೆಸಿದ್ದಾರೆ, ಅಂದರೆ ರಜೆಯಲ್ಲಿ ಅಡುಗೆ ಕೋಣೆ ತೆರೆಯಲಾಗದೆಂಬುದು ಸುಳ್ಳು. ಸರ್ಕಾರ ತನ್ನ ಕೆಲಸಕ್ಕಾಗಿ ರಜೆ ಎಳೆದ ದಿನಗಳಲ್ಲಾದರೂ ಮಧ್ಯಾಹ್ನದ ಅನ್ನ ನಿಲ್ಲಬಾರದು. ಊಟಕ್ಕೆ ಬಂದ ಮಕ್ಕಳ ಹಾಜರಿ ಹಿಡಿಯುವುದು, ಪುಸ್ತಕ ಬದಲಾಯಿಸಿ ಕೊಡುವುದು ನಮ್ಮಂಥ ಸದಸ್ಯರಿಂದಲೂ ಆಗುವ ಕೆಲಸ. ಆದೇಶವೊಂದು ಬಂದರೆ ನಮ್ಮ ಶಾಲೆಯ ಬೀಗದ ಕೈ ಇಟ್ಟುಕೊಳ್ಳಲು ನಾವು ತಯಾರಿದ್ದೇವೆ.

– ಎಸ್‌ಡಿಎಂಸಿ ಸದಸ್ಯ, ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ